ಹನ್ನೊಂದು ಅಂಕದ ಕ್ಲಾರಿನೆಟ್

ಅಪ್ಪನ ಹೆಸರಿನ ಮುಂದೆ ಹನ್ನೊಂದು ಎಂದು ಬರೆದು ಸಹಿ ಹಾಕಿದವಳು ದಾನೇಶ್ವರಿಯೇ. ಬೇರೆ ಯಾರಾದರೂ ಬರೆದಿದ್ದರೆ ಅವರಿಗೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಆದರೆ ಬಾಗಲಕೋಟೆಯ ನವನಗರದ ಪ್ರತಿಕಾಯ ಪ್ರಯೋಗಾಲಯದಲ್ಲಿ ಆ ದಿನ ಬೆಳಗಿನ ಪಾಳಿಗೆ ಇದ್ದ ತಂತ್ರಜ್ಞೆ ಅವಳೊಬ್ಬಳೇ. ಮೂರು ಸಲ ಪರೀಕ್ಷೆ ಮಾಡಿದಳು. ಹನ್ನೊಂದು, ಹನ್ನೊಂದು, ಮೂರನೆಯ ಸಲ ಹತ್ತೂವರೆ. ಹತ್ತೂವರೆಯನ್ನು ಹನ್ನೊಂದು ಮಾಡಿದ್ದಷ್ಟೇ ಅಪ್ಪನಿಗೆ ಅವಳು ಮಾಡಬಹುದಾದ ಉಪಕಾರವಾಗಿತ್ತು.

ಹೊರಗಿನ ಬೆಂಚಿನ ಮೇಲೆ ಯಮನೂರಪ್ಪ ತೋಳಿನ ಹತ್ತಿಯನ್ನು ಒತ್ತಿ ಹಿಡಿದು ಕೂತಿದ್ದ.

"ಎಷ್ಟ್ ಬಂತವ್ವಾ?"

"ಹನ್ನೊಂದು ಯಪ್ಪಾ."

"ಇನ್ನೂರಕ್ಕ ಇನ್ನ ಎಷ್ಟ್ ಕಡಿಮಿ?"

"ನೂರಾ ಎಂಬತ್ತೊಂಬತ್ತು."

"ಹಂಗಾರ ಬಾಳ ದೂರ ಏನಿಲ್ಲ ಬಿಡು," ಎಂದು ಅವನು ನಕ್ಕ. ನಕ್ಕದ್ದು ಮಗಳಿಗಾಗಿ ಎಂದು ಮಗಳಿಗೆ ಗೊತ್ತಾಯಿತು.

ಗೂರುಜ್ವರ ಬಂದು ಹೋಗಿ ಆಗ ಏಳು ವರ್ಷವಾಗಿತ್ತು. ಉಸಿರಿನ ಮೂಲಕ ಹಬ್ಬುತ್ತಿದ್ದ ಆ ವೈರಸ್ ಮೊದಲ ವರ್ಷ ಮನೆಮನೆಯ ಬಾಗಿಲು ತಟ್ಟಿತು. ಲಸಿಕೆ ಬಂದ ಮೇಲೆ ಅದರ ಹಲ್ಲು ಮುರಿಯಿತು. ಆದರೆ ಹೆದರಿಕೆ ಮಾತ್ರ ಜನರ ಮೈಯಲ್ಲೇ ಉಳಿಯಿತು. ಆ ಹೆದರಿಕೆಗೆ ಮದ್ದಾಗಿ ಬಂದದ್ದು ಬಳೆ. ಮುಂಗೈಗೆ ತೊಡುವ ಬೂದು ಬಣ್ಣದ ಪಟ್ಟಿ ಅದು. ಚರ್ಮದೊಳಗೆ ಸಣ್ಣ ಬೆಳಕು ಹಾಯಿಸಿ, ರಕ್ತದಲ್ಲಿ ಗೂರುಜ್ವರದ ವಿರುದ್ಧದ ಪ್ರತಿಕಾಯ ಎಷ್ಟಿದೆ ಎಂದು ಅಳೆದು ಅಂಕಿ ತೋರಿಸುತ್ತಿತ್ತು. ಐವತ್ತು ಜನಕ್ಕಿಂತ ಹೆಚ್ಚು ಸೇರುವಲ್ಲಿ ಕಾಲಿಡಬೇಕಾದರೆ ಎಂಬತ್ತು ಬೇಕು. ಹಾಡುವವರಿಗೆ, ಊದುವವರಿಗೆ ಇನ್ನೂರು. ಏಕೆಂದರೆ ಅವರ ಉಸಿರು ದೂರ ಹೋಗುತ್ತದೆ. ರಕ್ಷಾಂಕ ಮಂಡಳಿ ಎಂಬುದೊಂದು ಹುಟ್ಟಿಕೊಂಡು ಈ ನಿಯಮಗಳನ್ನು ಮಾಡಿತ್ತು. ಬಳೆ ಎಂಬತ್ತಕ್ಕಿಂತ ಕೆಳಗೆ ತೋರಿಸಿದರೆ ಪ್ರಯೋಗಾಲಯಕ್ಕೆ ಬಂದು ರಕ್ತ ಕೊಟ್ಟು ಖಾತ್ರಿ ಮಾಡಿಸಿಕೊಳ್ಳಬೇಕು.

ಜನ ಎಲ್ಲಕ್ಕೂ ಹೊಂದಿಕೊಳ್ಳುತ್ತಾರೆ, ಇದಕ್ಕೂ ಹೊಂದಿಕೊಂಡರು. ಸಂಬಂಧ ನೋಡಲು ಬಂದವರು ಕುಲ ಕೇಳುವ ಮೊದಲು ಅಂಕ ಕೇಳತೊಡಗಿದರು. ಅಂಕ ಏರಲೆಂದು ಕೆಲವರು ಅರಿಷಿಣದ ಹಾಲು ಕುಡಿದರು, ಕೆಲವರು ಬಳೆಯನ್ನೇ ಬಿಸಿಲಿಗೆ ಒಣಗಿಸಿದರು. ಮದುವೆ ಮಂಟಪಗಳಲ್ಲಿ ಕಡಿಮೆ ಅಂಕದವರಿಗೆಂದು ಒಂದು ಗಾಜಿನ ಕೋಣೆ ಬಂತು. ಒಳಗೆ ಕೂತು ನೋಡಬಹುದು, ಸ್ಪೀಕರಿನಲ್ಲಿ ಕೇಳಬಹುದು, ಕಿಂಡಿಯಿಂದ ಊಟ ಬರುತ್ತದೆ. ಮಕ್ಕಳು ಅದಕ್ಕೆ ಮೀನಿನ ತೊಟ್ಟಿ ಎಂದು ಹೆಸರಿಟ್ಟರು. ಅಜ್ಜಂದಿರು ಅದರೊಳಗಿನಿಂದಲೇ ಬಾಯಿ ತೆರೆದು ಮುಚ್ಚಿ ಮೀನಿನ ಹಾಗೆ ಮಾಡಿ ಮೊಮ್ಮಕ್ಕಳನ್ನು ನಗಿಸುತ್ತಿದ್ದರು.

ಯಮನೂರಪ್ಪ ಭಜಂತ್ರಿ ಮೂವತ್ತೆಂಟು ವರ್ಷ ಬ್ರಾಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವನು. ಅವನು ಊದದ ಮದುವೆ ಮದುವೆಯೇ ಅಲ್ಲ ಎಂದು ಹಳೇ ಬಾಗಲಕೋಟೆಯಲ್ಲಿ ಮಾತಿತ್ತು. ಲಸಿಕೆಯ ನಾಲ್ಕು ಸುತ್ತನ್ನೂ ತಪ್ಪದೆ ಹಾಕಿಸಿಕೊಂಡಿದ್ದ. ಪ್ರತಿ ಸಲವೂ ಅಂಕ ಮುನ್ನೂರಕ್ಕೆ ಏರಿ, ಆರು ತಿಂಗಳಲ್ಲಿ ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಇಳಿಯುತ್ತಿತ್ತು. ಹೀಗೆ ಇಳಿಯುವ ಅಂಕಕ್ಕೆ ಐದನೆಯ ಸುತ್ತು ಹಾಕುವುದಿಲ್ಲ ಎಂದು ವೈದ್ಯರು ಹೇಳಿದ ಮೇಲೆ ಎರಡು ವರ್ಷದಿಂದ ಅವನ ಕ್ಲಾರಿನೆಟ್ ಮನೆಯ ಹಿತ್ತಲು ಬಿಟ್ಟು ಹೊರಗೆ ಹೋಗಿರಲಿಲ್ಲ. ಅಲ್ಲಿ ಬೆಳಿಗ್ಗೆ ಹೆಂಡತಿ ಹುಲಿಗೆವ್ವ ಬಟ್ಟೆ ಒಗೆಯುವಾಗ ಅವಳು ಕಲ್ಲಿಗೆ ಬಡಿಯುವ ತಾಳಕ್ಕೆ ಸರಿಯಾಗಿ ಊದುತ್ತಿದ್ದ. "ನಿಂದ್ ನಿಲ್ಲಲಿಲ್ಲಂದ್ರ ನನ್ನ ಅರಿವಿ ಹರೀತಾವ," ಎಂದು ಅವಳು ರೇಗುತ್ತಿದ್ದಳು. ಆದರೂ ತಾಳ ತಪ್ಪಿಸುತ್ತಿರಲಿಲ್ಲ.

ಈಗ ದಾನೇಶ್ವರಿಯ ಮದುವೆಗೆ ಇಪ್ಪತ್ತಾರು ದಿನ ಉಳಿದಿತ್ತು.

ಹುಡುಗ ವಿಠೋಬ ಹನಿ ನೀರಾವರಿಯ ಪೈಪು ಜೋಡಿಸುವ ಮೆಕ್ಯಾನಿಕ್. ಆ ದಿನ ಸಂಜೆ ಮಂಟಪದ ಚೀಟಿ ತೋರಿಸಲು ಮನೆಗೆ ಬಂದ. ಹುಲಿಗೆವ್ವ ಅವಲಕ್ಕಿ ತಂದಿಟ್ಟಳು. ಚೀಟಿಯಲ್ಲಿ ಕೊನೆಯ ಸಾಲು: ಗಾಜಿನ ಕೋಣೆ, ಆರು ಕುರ್ಚಿ.

ಯಮನೂರಪ್ಪ ಓದಿ ಮಡಿಸಿ ವಾಪಸು ಕೊಟ್ಟ. "ಒಂದ್ ಕುರ್ಚಿ ಸ್ವಲ್ಪ ಮುಂದ ಹಾಕಸ್ರಿ ಅಳಿಯಂದ್ರ. ತಾಳಿ ಕಟ್ಟೂದು ಕಾಣಬೇಕು ನೋಡ್ರಿ."

ವಿಠೋಬ ಅವಲಕ್ಕಿಯ ತಟ್ಟೆಯಲ್ಲಿ ಶೇಂಗಾಕಾಳು ಆರಿಸತೊಡಗಿದ. ದಾನೇಶ್ವರಿ ಎದ್ದು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋದವಳೇ ನೇರವಾಗಿ ಡಾಕ್ಟರ್ ಮೆಹರುನ್ನೀಸಾ ಅವರ ಕೋಣೆಯ ಬಾಗಿಲು ತಳ್ಳಿದಳು.

ಮೆಹರುನ್ನೀಸಾ ಪ್ರಯೋಗಾಲಯದ ಮುಖ್ಯಸ್ಥೆ. ಐವತ್ತೈದರ ಹೆಂಗಸು, ಕಡ್ಡಿಯಂಥ ಮೈ, ಚಹಾ ಎಷ್ಟು ಸಲ ಆರಿದರೂ ಅದನ್ನೇ ಕುಡಿಯುವ ರೂಢಿ.

"ಮೇಡಂ, ನಮ್ಮಪ್ಪಗ ಹನ್ನೊಂದೈತಿ. ಹಂಗಂದ್ರ ಲಸಿಕಿ ಹಾಕಿದ್ದೆಲ್ಲಾ ನೀರಾಗ ಹೋತಂತ ಅರ್ಥ ಏನ್ರಿ?"

"ಅಲ್ಲ," ಎಂದರು ಮೆಹರುನ್ನೀಸಾ. "ಇಷ್ಟು ವರ್ಷದಾಗ ಈ ಪ್ರಶ್ನೆ ಕೇಳಿದಾಕಿ ನೀನ ಮೊದಲು. ಕೂಡು."

ಅವರು ಹೇಳಿದ್ದು ಇಷ್ಟು. ಊರಿಗೆ ಕಳ್ಳರು ಬಂದರೆಂದು ಸುದ್ದಿಯಾದಾಗ ಬೀದಿ ತುಂಬ ಕಾವಲುಗಾರರು ತಿರುಗುತ್ತಾರೆ. ಕಳ್ಳರು ಹೋದ ಮೇಲೂ ಸಾವಿರ ಜನ ಬೀದಿಯಲ್ಲೇ ನಿಂತರೆ ಅವರಿಗೆ ಅನ್ನ ಹಾಕುವವರು ಯಾರು? ಬಹಳ ಮಂದಿ ಮನೆಗೆ ಹೋಗುತ್ತಾರೆ. ಬಳೆ ಎಣಿಸುವುದು ಬೀದಿಯಲ್ಲಿದ್ದವರನ್ನು ಮಾತ್ರ. ಮನೆಯಲ್ಲಿ ಮಲಗಿದವರ ಲೆಕ್ಕ ಅದಕ್ಕೆ ಸಿಗುವುದಿಲ್ಲ. ಕಳ್ಳನ ಮುಖ ನೆನಪಿಟ್ಟುಕೊಂಡ ಕೆಲವು ಬಿಳಿ ರಕ್ತಕಣಗಳು ಮೈಯೊಳಗೆ ವರ್ಷಗಟ್ಟಲೆ ಮಲಗಿರುತ್ತವೆ. ಆ ಮುಖ ಮತ್ತೆ ಕಂಡರೆ ಎದ್ದು, ಒಂದು ಹತ್ತಾಗಿ, ಹತ್ತು ಸಾವಿರವಾಗಿ ಪ್ರತಿಕಾಯ ಸುರಿಸುತ್ತವೆ.

"ಅವು ಅದಾವೋ ಇಲ್ಲೋ ಹೆಂಗ ತಿಳೀತೈತ್ರಿ?"

"ಎಬ್ಬಿಸಿ ನೋಡಬೇಕು."

ಮೆಹರುನ್ನೀಸಾ ಕಪಾಟಿನಿಂದ ಒಂದು ತಟ್ಟೆ ತೆಗೆದರು. ಅಂಗೈಯಗಲದ ಪ್ಲಾಸ್ಟಿಕ್ಕಿನಲ್ಲಿ ತೊಂಬತ್ತಾರು ಪುಟ್ಟ ಗುಣಿಗಳು, ಪಗಡೆ ಹಾಸಿನ ಹಾಗೆ. ಪ್ರತಿ ಗುಣಿಗೂ ಒಬ್ಬರ ಬಿಳಿ ರಕ್ತಕಣ ಹಾಕಿ, ಅದಕ್ಕೆ ವೈರಸ್ಸಿನ ನಿರಪಾಯದ ಒಂದು ಚೂರು ತೋರಿಸಿ ಬೆಚ್ಚಗೆ ಇಡುವುದು. ನೆನಪಿರುವ ಕಣಗಳು ಮೂರು ದಿನದಲ್ಲಿ ಎದ್ದು ಕೆಲಸಕ್ಕಿಳಿಯುತ್ತವೆ. ಎದ್ದ ಒಂದೊಂದು ಕಣವೂ ತಾನು ಕೂತ ಜಾಗದಲ್ಲಿ ಒಂದು ನೀಲಿ ಚುಕ್ಕೆ ಮೂಡಿಸುತ್ತದೆ. ಚುಕ್ಕೆ ಎಣಿಸಿದರೆ ಮಲಗಿದ್ದವರ ಲೆಕ್ಕ ಸಿಕ್ಕಿತು. ಇದನ್ನು ಅವರು ಎರಡು ವರ್ಷದಿಂದ ಒಬ್ಬರೇ ತಿದ್ದುತ್ತ ಕೂತಿದ್ದರು. ಕೈಗೆ ಇನ್ನೆರಡು ಕೈ ಸೇರಿರಲಿಲ್ಲ, ಅಷ್ಟೆ.

"ಹಿಂದಿನ ಮಳೆಗಾಲದಾಗ ಸಣ್ಣ ಅಲೆ ಬಂತಲ್ಲ," ಎಂದರು. "ಅದರ ಮುಂಚೆ ಜನ ಸಂಶೋಧನೆಗಂತ ಕೊಟ್ಟ ರಕ್ತ ನಮ್ಮ ಶೈತ್ಯಪೆಟ್ಟಿಗ್ಯಾಗ ಇನ್ನೂ ಐತಿ. ಅವರೊಳಗ ಎಂಬತ್ನಾಕು ಮಂದಿ ಅಂಕ ಇಪ್ಪತ್ತಕ್ಕಿಂತ ಕಡಿಮಿ. ಅವರಾಗ ಯಾರು ಆಸ್ಪತ್ರಿ ಸೇರಿದ್ರು, ಯಾರು ಎರಡು ದಿನ ಕೆಮ್ಮಿ ಸುಮ್ಮನಾದ್ರು, ದಾಖಲೆ ಐತಿ. ಅವರ ರಕ್ತಕ್ಕ ಈ ತಟ್ಟಿ ಹಿಡದ್ರ..."

"ಇವತ್ತ ಶುರು ಮಾಡೂಣ್ರಿ," ಎಂದಳು ದಾನೇಶ್ವರಿ.

ತೊಂಬತ್ತಾರು ಗುಣಿಗಳಲ್ಲಿ ಎಂಬತ್ತನಾಲ್ಕು ಆ ಜನರಿಗೆ ಹೋದವು. ಒಂದು ಯಮನೂರಪ್ಪನಿಗೆ. ಪಕ್ಕದ ಗುಣಿಯಲ್ಲಿ ದಾನೇಶ್ವರಿ ತನ್ನದೇ ರಕ್ತ ಹಾಕಿದಳು. ಅವಳ ಅಂಕ ಮುನ್ನೂರ ನಲವತ್ತು, ಲಸಿಕೆ ಹಾಕಿಸಿಕೊಂಡು ಎರಡೇ ತಿಂಗಳು. ಹೋಲಿಕೆಗೆ ಒಬ್ಬ ಗಟ್ಟಿ ಮನುಷ್ಯರು ಬೇಕಲ್ಲ.

ಮೂರು ದಿನ ಅವಳಿಗೆ ಊಟ ಸೇರಲಿಲ್ಲ. ಸೀರೆ ಆರಿಸಲು ಗುಳೇದಗುಡ್ಡಕ್ಕೆ ಹೋದಾಗ ಅಂಗಡಿಯವನು ಬಿಚ್ಚಿದ ಚುಕ್ಕೆ ಸೀರೆಯ ಚುಕ್ಕೆಗಳನ್ನು ಎಣಿಸುತ್ತ ನಿಂತಳು. "ಬಣ್ಣ ನೋಡಂದ್ರ ಏನ್ ಗುಣುಗುಣು ಹಚ್ಚಿ?" ಎಂದು ಹುಲಿಗೆವ್ವ ಅವಳ ತೋಳಿಗೆ ಚಿವುಟಿದಳು. ದಾನೇಶ್ವರಿಯ ಹೆದರಿಕೆ ಬೇರೆ ಇತ್ತು. ಇಷ್ಟು ದಿನ ಅಪ್ಪನಿಗೆ ಅಂಕವಷ್ಟೇ ಕಡಿಮೆ. ನಾಳೆ ಗುಣಿಯೂ ಖಾಲಿ ಬಂದರೆ, ಒಳಗೆ ನಿಜವಾಗಿಯೂ ಯಾರೂ ಇಲ್ಲ ಎಂದಾಗುತ್ತದೆ. ಆಮೇಲೆ ಅಪ್ಪ ಹಿತ್ತಲಲ್ಲಿ ಕೆಮ್ಮಿದರೂ ತನ್ನ ಎದೆ ಒಡೆಯುತ್ತದೆ.

ಮೂರನೆಯ ದಿನ ಮಧ್ಯಾಹ್ನ ತಟ್ಟೆಯನ್ನು ಹೊರತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮೊದಲು ಅಪ್ಪನ ಗುಣಿಗೇ ಹೋದಳು.

ಖಾಲಿ. ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ.

ಅವಳು ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು. ಒಂದೂ ಚುಕ್ಕೆ ಇಲ್ಲ. ಕುರ್ಚಿಯಲ್ಲಿ ಕುಸಿದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮೆಹರುನ್ನೀಸಾ ಬಂದು ಏನೂ ಕೇಳದೆ ಬಗ್ಗಿ ನೋಡಿದರು. ನೋಡಿ, ತಟ್ಟೆಯನ್ನು ಒಂದು ಗುಣಿಯಷ್ಟು ಸರಿಸಿದರು.

"ದಾನೇಶ್ವರಿ, ಅಳೂದು ನಿಲ್ಲಿಸಿ ನಿನ್ನ ಗುಣಿ ನೋಡು."

ನೋಡಿದಳು. ಅದೂ ಬಿಳಿ.

"ನಿನಗ ಮುನ್ನೂರಾ ನಲವತ್ತು. ಲಸಿಕಿ ಹಾಕಿ ಎರಡು ತಿಂಗಳು. ನಿನ್ನವು ಏಳಬೇಕಿತ್ತಲ್ಲ?"

ದಾನೇಶ್ವರಿ ಅಳು ನಿಲ್ಲಿಸಿದಳು. ಉಳಿದ ಗುಣಿಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ತಟ್ಟೆಯ ತುಂಬ ಒಬ್ಬರದೂ ಎದ್ದಿರಲಿಲ್ಲ. ಅಪ್ಪನೊಬ್ಬನ ಮೈ ಖಾಲಿಯಾಗಿರಬಹುದು, ಆದರೆ ಇಡೀ ಜಿಲ್ಲೆಯ ಮೈ ಖಾಲಿಯಾಗಲು ಸಾಧ್ಯವಿಲ್ಲ. ಅವಳು ಓಡಿಹೋಗಿ ಕಸದ ಪೆಟ್ಟಿಗೆಯಿಂದ ವೈರಸ್ ಚೂರಿನ ಶೀಶೆ ಹುಡುಕಿ ತಂದಳು. ಅದರ ಕೊರಳಿಗೆ ಅಂಟಿಸಿದ ಉಷ್ಣಪಟ್ಟಿ ಕೆಂಪಾಗಿತ್ತು. ದಾರಿಯಲ್ಲಿ ಎಲ್ಲೋ ಬಿಸಿಲಿಗೆ ಬೆಂದು ಬಂದ ಸರಕು ಅದು. ಅವಸರದಲ್ಲಿ ಪಟ್ಟಿ ನೋಡಲು ಮರೆತವಳು ಅವಳೇ.

"ಹಾಳಾದ ಮುಖ ತೋರಿಸಿದ್ರ ಯಾರ್ ಎಚ್ಚರ ಆಗ್ತಾರ?" ಎಂದು ಮೆಹರುನ್ನೀಸಾ ನಕ್ಕರು. ಅಳುತ್ತಿದ್ದವಳಿಗೆ ಜೋರಾಗಿ ನಗು ಬಂತು. ಇಬ್ಬರೂ ಆರಿದ ಚಹಾ ಕುಡಿದು, ಹೊಸ ಶೀಶೆಯ ಪಟ್ಟಿಯನ್ನು ಎರಡೆರಡು ಸಲ ನೋಡಿ, ಮೊದಲಿನಿಂದ ಶುರು ಮಾಡಿದರು.

ಎರಡನೆಯ ತಟ್ಟೆ ಹೊರಬಂದ ದಿನ ಯಮನೂರಪ್ಪನೂ ಬಂದಿದ್ದ, ಗಾಜಿನ ಆಚೆ ನಿಂತಿದ್ದ. ದಾನೇಶ್ವರಿ ಈ ಸಲ ಮೊದಲು ತನ್ನ ಗುಣಿ ನೋಡಿದಳು. ಚುಕ್ಕೆಗಳಿದ್ದವು, ಎಣಿಸಿದರೆ ತೊಂಬತ್ತು. ತಟ್ಟೆ ಸರಿಸಿದಳು. ಅಪ್ಪನ ಗುಣಿಯಲ್ಲಿ ಚುಕ್ಕೆಗಳು ಒತ್ತೊತ್ತಾಗಿ ಮೂಡಿದ್ದವು, ಅಗಸೆಯ ಹೊಲ ನೀಲಿ ಹೂಬಿಟ್ಟ ಹಾಗೆ. ಮೊದಲ ಸಲ ನೂರಾ ಎಪ್ಪತ್ತಾರು. ಎರಡನೆಯ ಸಲ ಎಣಿಸಿದಾಗ ನೂರಾ ಎಪ್ಪತ್ತೆಂಟು.

ಅವಳು ಗಾಜಿನ ಹತ್ತಿರ ಓಡಿ ಕೂಗಿದಳು. "ಯಪ್ಪಾ, ಎಲ್ಲಾರೂ ಒಳಗ ಅದಾರ! ನನಗಿಂತ ನಿನಗ ಹೆಚ್ಚ ಅದಾರ!"

ಅವನಿಗೆ ಕೇಳಿಸಲಿಲ್ಲ. ಆದರೆ ಮಗಳು ಕುಣಿದದ್ದು ಕಂಡಿತು, ತಾನೂ ಆಚೆಯಿಂದ ಎರಡು ಹೆಜ್ಜೆ ಕುಣಿದ.

ಎಂಬತ್ತನಾಲ್ಕು ಜನರ ಲೆಕ್ಕವೂ ಸಿಕ್ಕಿತು. ಅವರಲ್ಲಿ ಎಪ್ಪತ್ತೆಂಟು ಮಂದಿಯ ಗುಣಿಗಳಲ್ಲಿ ಚುಕ್ಕೆಗಳು ಧಾರಾಳವಾಗಿದ್ದವು. ಆ ಮಳೆಗಾಲದಲ್ಲಿ ಅವರಲ್ಲಿ ಕೆಮ್ಮಿದವರುಂಟು, ಆಸ್ಪತ್ರೆಯ ಮೆಟ್ಟಿಲು ಹತ್ತಿದವರಿಲ್ಲ. ಆಸ್ಪತ್ರೆ ಸೇರಿದ ಐವರೂ ಗುಣಿ ಖಾಲಿಯಿದ್ದ ಆರು ಜನರಲ್ಲೇ ಇದ್ದರು. ಅವರಿಗೆ ಬೇರೆ ಔಷಧಿ, ಬೇರೆ ಜೋಪಾನ ಬೇಕಿತ್ತು. ಬಳೆ ಅವರನ್ನೂ ಯಮನೂರಪ್ಪನನ್ನೂ ಒಂದೇ ಸಾಲಿನಲ್ಲಿ ಕೂರಿಸಿತ್ತು.

ಯಮನೂರಪ್ಪನಿಗೆ ಮದುವೆಯಲ್ಲಿ ಊದಲು ಪರವಾನಗಿ ಕೇಳಿ ಮೆಹರುನ್ನೀಸಾ ಮಂಡಳಿಗೆ ಬರೆದರು. ಮದುವೆಗೆ ಹನ್ನೆರಡು ದಿನವಿದ್ದಾಗ ರಕ್ಷಾಂಕ ಮಂಡಳಿಯ ಜಿಲ್ಲಾ ಅಧ್ಯಕ್ಷರು ಡಾಕ್ಟರ್ ಗದಿಗೆಯ್ಯ ಪ್ರಯೋಗಾಲಯಕ್ಕೆ ಬಂದರು. ಎತ್ತರದ ಆಳು, ಮೆಲುದನಿ. ತಟ್ಟೆಗಳನ್ನು ಒಂದು ತಾಸು ನೋಡಿದರು, ದಾಖಲೆಗಳನ್ನು ಬೆರಳಿಟ್ಟು ಓದಿದರು.

"ಕೆಲಸ ಚೊಲೋ ಆಗೇದ," ಎಂದರು. "ಆದ್ರ ಒಂದು ಪ್ರಶ್ನೆ. ವೈರಸ್ ಗಂಟಲಿಗೆ ಬಂದು ಎರಡು ದಿನಕ್ಕ ಹರಡ್ಲಿಕ್ಕೆ ಶುರು ಮಾಡ್ತದ. ನಿಮ್ಮ ಮಲಗಿದವರು ಎದ್ದು ಬರ್ಲಿಕ್ಕೆ ಮೂರು ನಾಕು ದಿನ. ಅಷ್ಟರೊಳಗ ಯಮನೂರಪ್ಪ ಅವರು ತಾವು ಬದುಕ್ತಾರ, ಖರೆ. ಅವರು ಊದೂದರಿಂದ ಎದುರಿಗೆ ಕೂತವರಿಗೆ ಹತ್ತಿದ್ರ? ಆ ಎದುರಿನವರೊಳಗ ಒಬ್ಬರು ಖಾಲಿ ಗುಣಿಯವರು ಇದ್ರ?"

ಪ್ರಶ್ನೆ ನ್ಯಾಯವಾಗಿತ್ತು.

"ಮೊದಲ ವರ್ಷ ನಾನು ವಾರ್ಡಿನಾಗ ಇದ್ದೆ," ಎಂದರು ಗದಿಗೆಯ್ಯ. "ಈ ಬಳೆ ತಪ್ಪಿರಬಹುದು. ಆದ್ರ ಆ ವರ್ಷ ಕಂಡಿದ್ದು ಇನ್ನೊಮ್ಮೆ ಕಾಣೂದು ಬ್ಯಾಡಂತ ಅದನ್ನ ಗಟ್ಟಿ ಹಿಡದೇನಿ."

ದಾನೇಶ್ವರಿಗೆ ಅವರ ಮೇಲೆ ಬರಬೇಕಾದ ಸಿಟ್ಟು ಬರಲಿಲ್ಲ.

"ಸರ್, ಎರಡು ಬ್ಯಾರೆ ಬ್ಯಾರೆ ಪ್ರಶ್ನಿ ಇವು. ಬ್ಯಾನಿ ಬಂದ್ರ ನಮ್ಮಪ್ಪ ತಡಕೋತಾನೋ ಇಲ್ಲೋ, ಅದಕ್ಕ ತಟ್ಟಿ ಉತ್ತರ ಹೇಳತೈತಿ. ಇವತ್ತ ಅವನ ಗಂಟಲದಾಗ ವೈರಸ್ ಐತೋ ಇಲ್ಲೋ, ಅದಕ್ಕ ಬಳಿನೂ ಉತ್ತರ ಹೇಳೂದಿಲ್ಲ, ತಟ್ಟಿನೂ ಹೇಳೂದಿಲ್ಲ. ಅದಕ್ಕ ಮುಂಜಾನೆ ಗಂಟಲ ಪರೀಕ್ಷೆ ಮಾಡಬೇಕು. ಇಪ್ಪತ್ತು ನಿಮಿಷದ ಕೆಲಸ. ಮುನ್ನೂರ ಅಂಕದವರಿಗೂ ಗಂಟಲದಾಗ ಇರಬಹುದಲ್ರೀ, ಅವರನ್ನ ನಾವು ಕೇಳೂದ ಇಲ್ಲ."

ಗದಿಗೆಯ್ಯ ಕನ್ನಡಕ ತೆಗೆದರು.

"ಮತ್ತ ಬಯಲಾಗ ಮಾಡತೀವಿ," ಎಂದಳು. ಆ ಮಾತು ಬಾಯಿಂದ ಬರುವವರೆಗೂ ಅವಳೇ ಅದನ್ನು ಯೋಚಿಸಿರಲಿಲ್ಲ. "ಮಂಟಪ ಬ್ಯಾಡ. ಗಾಳಿ ಆಡೂವಲ್ಲಿ, ಅಪ್ಪನ್ನ ಹದಿನೈದು ಹೆಜ್ಜಿ ದೂರ ನಿಲ್ಲಸ್ತೀವಿ. ಬಂದ ಮಂದಿಗೆಲ್ಲಾ ಹತ್ತು ದಿನ ನೀವ ಪರೀಕ್ಷೆ ಮಾಡ್ರಿ. ಯಾರಿಗಾರ ಹತ್ತಿದ್ರ ನನ್ನ ತಟ್ಟಿ ತಗೊಂಡ್ ಹೋಗಿ ಹೊಳಿಗೆ ಒಗೀರಿ."

ಗದಿಗೆಯ್ಯ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಕೇಳಿದರು: "ಊಟಕ್ಕ ಏನ್ ಮಾಡಸ್ತೀರಿ?"

"ಗೋಧಿ ಹುಗ್ಗಿ, ಎಣ್ಣಿಗಾಯಿ, ಕಟ್ಟಿನ ಸಾರು."

"ಹಂಗಾರ ಪರೀಕ್ಷಾ ತಂಡದ ಜೋಡಿ ನಾನೂ ಬರ್ತೇನಿ," ಎಂದು ಒಂದು ದಿನದ ಪರವಾನಗಿಗೆ ಸಹಿ ಹಾಕಿದರು.

ಸುದ್ದಿ ಕೇಳಿ ವಿಠೋಬ ಆ ದಿನವೇ ಮಂಟಪದ ಚೀಟಿ ವಾಪಸು ಕೊಟ್ಟು ಬಂದ. ಹಿನ್ನೀರಿನ ದಂಡೆಯ ಮೇಲಿನ ಶಾಲೆಯ ಬಯಲನ್ನು ಗೊತ್ತು ಮಾಡಿದ. ನೆರಳಿಗೆ ಚಪ್ಪರ, ನಾಲ್ಕೂ ಕಡೆ ಗೋಡೆಯಿಲ್ಲ. ಬಿಸಿಲು ಹೆಚ್ಚಾಗುತ್ತದೆಂದು ತನ್ನ ಹನಿ ಪೈಪುಗಳನ್ನೇ ಚಪ್ಪರದ ಮೇಲೆ ಹಾಯಿಸಿ ಸಣ್ಣ ತುಂತುರು ಬೀಳುವ ಹಾಗೆ ಮಾಡಿದ. ಅದರಲ್ಲಿ ಒಂದು ಪೈಪು ತಪ್ಪಿ ಅವನ ಸೋದರಮಾವನ ರುಮಾಲಿನ ಮೇಲೆ ಸುರಿಯಿತೆಂಬುದು ಬೇರೆ ಮಾತು.

ಮದುವೆಯ ಬೆಳಿಗ್ಗೆ ಬಯಲಿನ ಬಾಯಲ್ಲಿ ಮೆಹರುನ್ನೀಸಾ ಎರಡು ಮೇಜು ಹಾಕಿಕೊಂಡು ಕೂತರು. ಬಂದವರೆಲ್ಲ ಬಾಯಿ ತೆರೆದು ಗಂಟಲು ತೋರಿಸಿ, ಪಾನಕ ಕುಡಿದು, ಇಪ್ಪತ್ತು ನಿಮಿಷ ಬೇವಿನ ಮರದಡಿ ಕೂತು ಒಳಗೆ ಹೋಗಬೇಕು. ಇಬ್ಬರಿಗೆ ಗಂಟಲಲ್ಲಿ ವೈರಸ್ ಸಿಕ್ಕಿತು. ಇಬ್ಬರೂ ಐನೂರರ ಮೇಲಿನ ಅಂಕದವರು! ಅವರಲ್ಲಿ ಒಬ್ಬರು ಬಳೆಯನ್ನು ಮತ್ತೆ ಮತ್ತೆ ತೋರಿಸಿ ಜಗಳ ತೆಗೆದರು. ಗದಿಗೆಯ್ಯನವರೇ ಅವರ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿ, ಹುಗ್ಗಿಯ ಡಬ್ಬಿ ಕೊಟ್ಟು ಮನೆಗೆ ಕಳಿಸಿದರು.

ಬಯಲೆಂದು ಕೇಳಿ, ಗಾಜಿನ ಕೋಣೆಗೆ ಹೇಸಿ ವರ್ಷಗಳಿಂದ ಮನೆ ಬಿಡದಿದ್ದವರೂ ಬಂದರು. ಅವರಿಗೆಲ್ಲ ಮೊದಲೇ ತಟ್ಟೆಯ ಪರೀಕ್ಷೆ ಆಗಿತ್ತು. ಯಮನೂರಪ್ಪನ ಬ್ಯಾಂಡಿನ ಹಳೆಯ ಜೊತೆಗಾರರು ಮೂವರು ಬಂದರು, ಆರು, ಹದಿನಾಲ್ಕು, ಒಂಬತ್ತು ಅಂಕದವರು. ಒಬ್ಬರ ಕೋಟಿನ ಗುಂಡಿ ಹೊಟ್ಟೆಗೆ ಸಾಲದೆ ಹುಲಿಗೆವ್ವ ಅಲ್ಲೇ ನಿಂತು ಪಿನ್ನು ಹಾಕಿಕೊಟ್ಟಳು.

ಗಂಟಲು ಶುದ್ಧವೆಂದು ಚೀಟಿ ಸಿಕ್ಕ ಮೇಲೆ ಯಮನೂರಪ್ಪ ಸುಣ್ಣದ ಗೆರೆಯ ಆಚೆ, ಹದಿನೈದು ಹೆಜ್ಜೆ ದೂರದಲ್ಲಿ, ಗಾಳಿ ಹಿನ್ನೀರಿನ ಕಡೆ ಬೀಸುವ ದಿಕ್ಕಿನಲ್ಲಿ ನಿಂತ. ಕ್ಲಾರಿನೆಟ್ಟಿನ ಗುಂಡಿಗಳ ಮೇಲೆ ಬೆರಳಾಡಿಸಿದ. ಮೊದಲ ಉಸಿರಿಗೆ ಬರೀ ಗಾಳಿ ಬಂತು. ಎರಡನೆಯ ಉಸಿರಿಗೆ ಸ್ವರ ಎದ್ದಿತು. ಎರಡು ವರ್ಷ ಹಿತ್ತಲಿನ ಗೋಡೆಗಳ ನಡುವೆ ತಿರುಗಾಡಿದ್ದ ಅದು ಬಯಲು ಕಂಡೊಡನೆ ನೀರಿನ ಮೇಲೆ ಓಡಿತು. ಆಚೆ ದಂಡೆಯಲ್ಲಿ ಬಲೆ ಹಾಕುತ್ತಿದ್ದವರು ತೆಪ್ಪ ತಿರುಗಿಸಿ ನಿಂತರು.

ಅಕ್ಕಿಕಾಳು ಬೀಳುವ ಹೊತ್ತಿಗೆ ಅವನು ಗೆರೆ ದಾಟಿ ಬಂದು, ಮುಖಕ್ಕೆ ವಸ್ತ್ರ ಕಟ್ಟಿಕೊಂಡು, ಮಗಳ ಕೈಯನ್ನು ವಿಠೋಬನ ಕೈಯಲ್ಲಿಟ್ಟ. ಅವನ ಬೆರಳು ನಡುಗುತ್ತಿದ್ದವು. "ಗುಂಡಿ ಒತ್ತಿ ಒತ್ತಿ ಸೋತಾವ," ಎಂದ. "ಸುಳ್ಳು ಹೇಳಬ್ಯಾಡ," ಎಂದಳು ದಾನೇಶ್ವರಿ, ಕಣ್ಣೊರೆಸಿಕೊಳ್ಳುತ್ತ.

ಮುಂದೆ ಹತ್ತು ದಿನ ಪರೀಕ್ಷಾ ತಂಡ ಮನೆಮನೆ ತಿರುಗಿತು. ಬಂದಿದ್ದ ನಾನೂರು ಮಂದಿಯಲ್ಲಿ ಆ ಬಯಲಿನಿಂದ ಒಬ್ಬರಿಗೂ ಗೂರುಜ್ವರ ಹತ್ತಿರಲಿಲ್ಲ. ಗದಿಗೆಯ್ಯ ತಾವೇ ಕೂತು ವರದಿ ಬರೆದರು. ಖಾಲಿ ಗುಣಿಯವರಿಗೆ ಹೊಸ ಔಷಧಿಯ ಏರ್ಪಾಡಾಯಿತು, ಜಿಲ್ಲೆಯ ಮಂಟಪಗಳಲ್ಲಿ ಗಾಜು ಕಳಚಿ ಗೋಡೆಗೆ ಕಿಟಕಿ ಕೊರೆಯುವ ಕೆಲಸ ಶುರುವಾಯಿತು. ಆದರೆ ಅದೆಲ್ಲ ಆಮೇಲಿನ ಮಾತು.

ಮದುವೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಮಗಳನ್ನು ಕಳಿಸಿಕೊಡುವ ಹೊತ್ತು ಬಂತು. ಆಗ ಊದುವ ರಾಗವೊಂದಿದೆ, ಕಲ್ಲೂ ಕರಗುವಂಥದ್ದು. ಸಾವಿರಾರು ಹೆಣ್ಣುಮಕ್ಕಳನ್ನು ಅದನ್ನೂದಿ ಕಳಿಸಿದ್ದವನು ಯಮನೂರಪ್ಪ. ಒಂದು ಸಲವೂ ಸ್ವರ ತಪ್ಪಿದವನಲ್ಲ. ಈಗ ಗೆರೆಯಾಚೆ ನಿಂತು ಶುರು ಮಾಡಿದ, ನಾಲ್ಕನೆಯ ಸಾಲಿಗೆ ಸ್ವರ ಕೀರಲಾಗಿ ಒಡೆಯಿತು. ಇನ್ನೊಮ್ಮೆ ಊದಿದ, ಇನ್ನೊಮ್ಮೆ ಒಡೆಯಿತು.

"ಏಯ್," ಎಂದು ಹುಲಿಗೆವ್ವ ಸೊಂಟಕ್ಕೆ ಸೆರಗು ಸಿಗಿಸಿ ಕೂಗಿದಳು, "ಆಕಿ ಹೊಂಟಿದ್ದು ಮೂರು ಓಣಿ ಆಚಿಗೆ! ನಾಳೆ ಮುಂಜಾನೆ ಚಾ ಕುಡ್ಯಾಕ ಬರತಾಳ!"

ನಾನೂರು ಮಂದಿಯೂ ಗೊಳ್ಳೆಂದರು. ಯಮನೂರಪ್ಪ ಕ್ಲಾರಿನೆಟ್ ಕೆಳಗಿಳಿಸಿ ಅತ್ತ, ಅಳುತ್ತಲೇ ನಕ್ಕ. ಆಮೇಲೆ ಜೊತೆಗಾರರ ಕಡೆ ತಿರುಗಿ ಕಣ್ಣು ಹೊಡೆದು, ಆ ರಾಗವನ್ನು ಅಲ್ಲಿಗೇ ಬಿಟ್ಟು, ಮೆರವಣಿಗೆಯಲ್ಲಿ ಹುಡುಗರನ್ನು ಹುಚ್ಚೆಬ್ಬಿಸುವ ಕುಣಿತದ ಗತ್ತನ್ನು ಎತ್ತಿದ. ಡ್ರಮ್ಮು ಅದನ್ನು ಹಿಡಿಯಿತು. ವಿಠೋಬನ ಸೋದರಮಾವ ಒದ್ದೆ ರುಮಾಲು ಬೀಸಿ ಮೊದಲು ಹಾರಿದ. ಮೆಹರುನ್ನೀಸಾ ಚಪ್ಪಾಳೆಯ ತಾಳ ಹಿಡಿದರು, ಗದಿಗೆಯ್ಯ ಹುಗ್ಗಿಯ ಎಲೆ ಮುಂದೆ ಕೂತಲ್ಲೇ ತಲೆದೂಗಿದರು. ಗಂಡನ ಮನೆಗೆ ಹೊರಟು ನಿಂತಿದ್ದ ದಾನೇಶ್ವರಿ ಸೀರೆಯ ನೆರಿಗೆ ಎತ್ತಿ ಹಿಡಿದು, ಹೂವಿನ ಗಾಡಿಯಿಂದ ಕೆಳಗೆ ಧುಮುಕಿ, ಕುಣಿಯುವವರ ನಡುವೆ ನುಗ್ಗಿದಳು.